ಬಾಂದ್ರಾ ರೈಲು ನಿಲ್ದಾಣ: ಒಂದು ಉಪನಗರದ ಹೆಬ್ಬಾಗಿಲಿನ ಚರಿತ್ರೆ

ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ರೈಲು ನಿಲ್ದಾಣವೊಂದರ ಚರಿತ್ರೆಗೇನು ಸ್ಥಾನವೆಂದು ವಾಚಕರು ಕೇಳಬಹುದು. ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳ ಕಥೆಯನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಲಾರರು. ಒಂದು ಮನೆಯ ಹಿರಿಯ ಮಗ, ಮತ್ತೊಂದು ಮನೆಯ ಚಿಕ್ಕಪ್ಪ, ಮೂರನೆಯ ಮನೆಯ ಅಳಿಯ ಎಂದು ತಲೆಮಾರುಗಳ ಕಾಲ ನಮ್ಮವರು ಉದ್ಯೋಗವನ್ನರಸಿ ಮುಂಬಯಿಗೆ ಹೋದರು. ಅವರಲ್ಲಿ ಬಹುಮಂದಿ ನೆಲೆಯೂರಿದ್ದು ಆ ಮಹಾನಗರದ ಪಶ್ಚಿಮದ ಉಪನಗರಗಳಲ್ಲಿ. ಆ ಉಪನಗರಗಳಿಗೆಲ್ಲ ಹೆಬ್ಬಾಗಿಲಿನಂತಿರುವುದು ಬಾಂದ್ರಾ ನಿಲ್ದಾಣ. ಊರಿಗೆ ಬರುತ್ತಿದ್ದ ಮನಿಯಾರ್ಡರಿನ ಹಿಂದೆ ಪ್ರತಿದಿನ ಬೆಳಗ್ಗೆ ಅಲ್ಲಿ ಹತ್ತಿ ಸಂಜೆ ಅಲ್ಲಿಯೇ ಇಳಿಯುತ್ತಿದ್ದವರ ಬೆವರು ಇತ್ತು. ಆದುದರಿಂದ ಆ ನಿಲ್ದಾಣದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಇನ್ನೊಂದು ಕಾರಣವೂ ಉಂಟು. ಬಾಂದ್ರಾ ನಾವು ಹೋಗಿ ಕಟ್ಟಿದ ಊರಲ್ಲ. ನಮ್ಮವರು ಅಲ್ಲಿಗೆ ಕಾಲಿಡುವುದಕ್ಕೆ ಮುನ್ನೂರು ವರ್ಷಗಳ ಮೊದಲೇ ಅಲ್ಲಿ ಒಂದು ಕಥೋಲಿಕ ಸಮುದಾಯವು ಗದ್ದೆ ಉತ್ತು, ಬಲೆ ಬೀಸಿ, ದೇವಾಲಯ ಕಟ್ಟಿ ಬಾಳುತ್ತಿತ್ತು. ರೈಲು ಆ ಸಮುದಾಯಕ್ಕೆ ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದನ್ನು ಅರಿತರೆ ನಿಲ್ದಾಣದ ನಿಜವಾದ ಅರ್ಥವೂ ತಿಳಿದೀತು.

ರೈಲಿಗೆ ಮುನ್ನ

ಇಂದು ಮುಂಬಯಿಯೆಂದು ನಾವು ಕರೆಯುವ ನಗರವು ಹಿಂದೆ ಏಳು ಚಿಕ್ಕ ದ್ವೀಪಗಳ ಸಮೂಹವಾಗಿತ್ತು. ಅವುಗಳ ಉತ್ತರಕ್ಕೆ, ಮಾಹಿಮ್ ಖಾರಿಯ ಆಚೆ ದಡದಲ್ಲಿ, ಸಾಷ್ಟಿ ಅಥವಾ ಸಾಲ್ಸೆಟ್ ಎಂಬ ದೊಡ್ಡ ದ್ವೀಪವಿತ್ತು. ಆ ದ್ವೀಪದ ದಕ್ಷಿಣದ ತುದಿಯೇ ಬಾಂದ್ರಾ. ಮರಾಠಿಯಲ್ಲಿ ಇದನ್ನು ವಾಂದ್ರೆ ಎನ್ನುತ್ತಾರೆ. ಬಂದರು ಎಂಬ ಶಬ್ದದಿಂದಲೇ ಈ ಹೆಸರು ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ.

16ನೆಯ ಶತಮಾನದಲ್ಲಿ ಸಾಷ್ಟಿಯು ಪೋರ್ಚುಗೀಸರ ಆಳ್ವಿಕೆಗೆ ಒಳಪಟ್ಟಿತು. ಯೇಸುಸಭೆಯ ಗುರುಗಳು ಬಾಂದ್ರಾಕ್ಕೆ ಬಂದು ಸಂತ ಅಂದ್ರೇಯರ ದೇವಾಲಯವನ್ನು ಸ್ಥಾಪಿಸಿದರು. ಕೋಳಿ ಜನಾಂಗದ ಬೆಸ್ತರು, ರೈತರು ಮತ್ತು ಕುಶಲಕರ್ಮಿಗಳು ಬಹುಸಂಖ್ಯೆಯಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಗುಡ್ಡದ ಮೇಲೆ ಮಾತೆ ಮರಿಯಮ್ಮನವರ ಚಿಕ್ಕ ಪ್ರಾರ್ಥನಾಲಯವೂ ಎದ್ದಿತು. 1737ರಲ್ಲಿ ಮರಾಠರು ಸಾಷ್ಟಿಯನ್ನು ಮುತ್ತಿ ವಶಪಡಿಸಿಕೊಂಡರು. ಆ ಯುದ್ಧದ ದಿನಗಳಲ್ಲಿ ಗುಡ್ಡದ ಪ್ರಾರ್ಥನಾಲಯ ನೆಲಸಮವಾಯಿತು. ಸಂತ ಅಂದ್ರೇಯರ ದೇವಾಲಯ ಮಾತ್ರ ಉಳಿಯಿತು. 1774ರ ಕೊನೆಯಲ್ಲಿ ಇಂಗ್ಲಿಷರು ದ್ವೀಪವನ್ನು ಹಿಡಿದರು. 1782ರ ಸಾಲ್ಬಾಯಿ ಒಪ್ಪಂದದಿಂದ ಅದು ಅವರ ಕೈಯಲ್ಲಿಯೇ ಸ್ಥಿರವಾಯಿತು.

ಹೀಗೆ ಮೂರು ಪ್ರಭುತ್ವಗಳು ಬದಲಾದರೂ ಬಾಂದ್ರಾದ ದೈನಂದಿನ ಜೀವನ ಹೆಚ್ಚೇನೂ ಬದಲಾಗಲಿಲ್ಲ. ಊರು ಎಂಬುದು ಪಾಖಾಡಿಗಳೆಂದು ಕರೆಯಲ್ಪಡುತ್ತಿದ್ದ ಸಣ್ಣ ಸಣ್ಣ ಕೇರಿಗಳ ಕೂಟ. ರನ್ವಾರ್, ಚಿಂಬೈ, ಪಾಲಿ, ಶೆರ್ಲಿ, ರಾಜನ್, ಚುಯಿಮ್ ಮೊದಲಾದವು ಅವುಗಳ ಹೆಸರುಗಳು. ಹೆಂಚನ್ನು ಹೊದೆಸಿದ ಮನೆಗಳು, ಮರದ ಜಗಲಿಗಳು, ಹೊರಗಿನಿಂದ ಉಪ್ಪರಿಗೆಗೆ ಹತ್ತುವ ಮೆಟ್ಟಿಲುಗಳು, ಕೇರಿಯ ನಡುವೆ ಒಂದು ಶಿಲುಬೆ: ಅಳಿದುಳಿದ ಹಳೆಯ ಮನೆಗಳಲ್ಲಿ ಈ ಚಿತ್ರವನ್ನು ಇಂದಿಗೂ ಕಾಣಬಹುದು. ಸುತ್ತಲೂ ಭತ್ತದ ಗದ್ದೆ, ತಾಳೆಯ ತೋಪು. ಪೂರ್ವಕ್ಕೆ ಉಪ್ಪುನೀರಿನ ಜೌಗು. ಆ ಜೌಗು ಮತ್ತು ಗದ್ದೆಗಳ ನಡುವಿನ ಅಂಚಿನಲ್ಲಿಯೇ ಮುಂದೆ ರೈಲುಹಳಿ ಹಾಯಲಿತ್ತು.

ಖಾರಿಯನ್ನು ದಾಟಿದ ಮೊದಲ ದಾರಿ

ಮುಂಬಯಿಗೂ ಬಾಂದ್ರಾಕ್ಕೂ ನಡುವಣ ಅಂತರ ಕಡಿಮೆ. ಆದರೆ ನಡುವೆ ನೀರು. ದೋಣಿಯನ್ನು ನಂಬಿಯೇ ಜನರು ದಾಟಬೇಕಾಗಿತ್ತು. ಮಳೆಗಾಲದಲ್ಲಿ ಈ ದಾಟುವಿಕೆ ಪ್ರಾಣಾಪಾಯದ ಕೆಲಸವಾಗಿತ್ತು. ಸರಕಾರವು ದಾರಿಯನ್ನು ಕಟ್ಟಲು ಹಿಂದೆಮುಂದೆ ನೋಡುತ್ತಿದ್ದಾಗ ಪ್ರಸಿದ್ಧ ಪಾರ್ಸಿ ದಾನಿ ಸರ್ ಜಮ್ಶೇಟ್ಜಿ ಜೀಜೀಭಾಯ್ ಅವರ ಪತ್ನಿ ಆವಾಬಾಯಿಯವರು 1,57,000 ರೂಪಾಯಿಗಳನ್ನು ನೀಡಿದರು. ದಾರಿಯಲ್ಲಿ ಸುಂಕ ವಸೂಲು ಮಾಡಬಾರದೆಂಬುದು ಅವರ ಅಪೇಕ್ಷೆಯಾಗಿತ್ತು. 1845ರಲ್ಲಿ ಮಾಹಿಮ್ ಸೇತುಮಾರ್ಗವು ಸಂಚಾರಕ್ಕೆ ತೆರೆಯಿತು. ಇಂದಿಗೂ ಅದೇ ದಾರಿಯಲ್ಲಿ ಲಕ್ಷಾಂತರ ಜನರು ಸಂಚರಿಸುತ್ತಾರೆ.

ಈ ಸೇತುಮಾರ್ಗವು ಬಾಂದ್ರಾವನ್ನು ನಗರಕ್ಕೆ ಹತ್ತಿರ ತಂದಿತು. 1863ರಲ್ಲಿ ಯೇಸುಸಭೆಯ ಗುರುಗಳು ಅನಾಥ ಬಾಲಕರಿಗಾಗಿ ಆರಂಭಿಸಿದ ಆಶ್ರಯವು ಬೆಳೆದು ಸಂತ ಸ್ತನಿಸ್ಲಾಸರ ಹೆಸರಿನ ಹೆಸರಾಂತ ಶಾಲೆಯಾಯಿತು. ಹೀಗೆ ರೈಲು ಬರುವುದಕ್ಕೆ ಒಂದು ವರ್ಷ ಮೊದಲೇ ಬಾಂದ್ರಾದಲ್ಲಿ ವಿದ್ಯೆಯ ಬೀಜ ಬಿದ್ದಿತ್ತು. ಶಾಲೆಯೂ ರೈಲೂ ಹೀಗೆ ಒಂದೇ ಕಾಲಕ್ಕೆ ಕೂಡಿಬಂದುದು ಆ ಊರಿನ ಜನರ ಬಾಳನ್ನು ಹೇಗೆ ತಿರುಗಿಸಿತೆಂಬುದನ್ನು ಮುಂದೆ ಕಾಣುವೆವು.

ಹಳಿಗಳ ಆಗಮನ

ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತೆಂಬುದು ಶಾಲಾ ಮಕ್ಕಳಿಗೂ ತಿಳಿದ ವಿಷಯ. ಅದನ್ನು ಓಡಿಸಿದುದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿ. ಬಾಂದ್ರಾದ ಹಳಿಯನ್ನು ಹಾಕಿದುದು ಮಾತ್ರ ಬೇರೊಂದು ಕಂಪೆನಿ. ಅದರ ಹೆಸರು ಬಾಂಬೆ, ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ಜನರ ಬಾಯಲ್ಲಿ ಇದು ಬಿ.ಬಿ. ಆ್ಯಂಡ್ ಸಿ.ಐ. ಎಂದೇ ಪ್ರಸಿದ್ಧ.

ಈ ಕಂಪೆನಿಯ ದೃಷ್ಟಿ ಮೊದಲಿಗೆ ಬಾಂದ್ರಾದ ಮೇಲಿರಲಿಲ್ಲ. ಗುಜರಾತಿನ ಹತ್ತಿಯ ಮೇಲಿತ್ತು. ಆದುದರಿಂದಲೇ ಅದರ ಕೆಲಸ ಉತ್ತರದಿಂದ ಆರಂಭವಾಯಿತು. 1860ರಲ್ಲಿ ಅಂಕಲೇಶ್ವರದಿಂದ ಸೂರತ್ ಸಮೀಪದ ಉತ್ರಾಣದವರೆಗೆ ಮೊದಲ ಭಾಗ ತೆರೆಯಿತು. ಅಲ್ಲಿಂದ ದಕ್ಷಿಣಕ್ಕೆ ವಸಾಯಿಯ ಖಾರಿಯನ್ನು ದಾಟಿ, ಸಾಷ್ಟಿಯ ಉದ್ದಕ್ಕೂ ಇಳಿದು, ಮಾಹಿಮ್ ಖಾರಿಯನ್ನು ಹಾಯ್ದು, 1864ರ ನವೆಂಬರ್ 28ರಂದು ಹಳಿಯು ಮುಂಬಯಿಯ ಗ್ರಾಂಟ್ ರೋಡನ್ನು ಮುಟ್ಟಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಲಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿದ್ದ ಕಾಲವದು. ಭಾರತದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು; ಮುಂಬಯಿಯ ವರ್ತಕರು ರಾತ್ರಿ ಬೆಳಗಾಗುವುದರೊಳಗೆ ಶ್ರೀಮಂತರಾಗುತ್ತಿದ್ದರು. ಹತ್ತಿಗಾಗಿ ಹಾಕಿದ ಹಳಿಯ ಪಕ್ಕದಲ್ಲಿ ಬಾಂದ್ರಾದ ರೈತನ ಗದ್ದೆ ಇತ್ತೆಂಬುದು ಕಾಕತಾಳೀಯವಷ್ಟೇ.

ಹತ್ತಿಯ ಉಬ್ಬರ ಬೇಗನೆ ಇಳಿಯಿತು. ಅಮೆರಿಕದ ಯುದ್ಧ ಮುಗಿದ 1865ರಲ್ಲಿಯೇ ಮುಂಬಯಿಯ ಅನೇಕ ವ್ಯಾಪಾರ ಸಂಸ್ಥೆಗಳು ಕುಸಿದು ಬಿದ್ದವು. ಆದರೆ ಹಳಿ ಉಳಿಯಿತು. 1867ರ ಏಪ್ರಿಲ್ 12ರಂದು ವಿರಾರ್‌ನಿಂದ ಮುಂಬಯಿಯ ಬ್ಯಾಕ್‌ಬೇಗೆ ದಿನವಹಿ ಹೋಗಿಬರುವ ಸ್ಥಳೀಯ ರೈಲು ಆರಂಭವಾಯಿತು. ಬೆಳಗ್ಗೆ ಒಂದು ಸಲ ಹೋಗುವುದು, ಸಂಜೆ ಒಂದು ಸಲ ಬರುವುದು, ಅಷ್ಟೇ. ವಸಾಯಿ, ಬೋರಿವಲಿ, ಅಂಧೇರಿ, ಬಾಂದ್ರಾ, ಮಾಹಿಮ್, ದಾದರ್ ಮೊದಲಾದೆಡೆ ಅದು ನಿಲ್ಲುತ್ತಿತ್ತು. ಇಂದು ಸಾವಿರಕ್ಕೂ ಮಿಕ್ಕಿ ಗಾಡಿಗಳು ದಿನವೂ ಓಡುವ ಪಶ್ಚಿಮ ಉಪನಗರ ಸೇವೆಗೆ ಮೂಲ ಆ ಒಂಟಿ ಗಾಡಿ. 1900ರ ಹೊತ್ತಿಗೆ ಪ್ರತಿ ದಿಕ್ಕಿಗೂ 45 ಗಾಡಿಗಳು ಓಡುತ್ತಿದ್ದು ವರ್ಷಕ್ಕೆ ಹತ್ತು ಲಕ್ಷಕ್ಕೂ ಅಧಿಕ ಪ್ರಯಾಣಿಕರನ್ನು ಸಾಗಿಸುತ್ತಿದ್ದವು.

ಅದೇ ಕಾಲದಲ್ಲಿ ನಗರದ ಪ್ರಾಣಿವಧಾಲಯವೂ ಬಾಂದ್ರಾಕ್ಕೆ ಬಂದಿತು. ನಗರದೊಳಗೆ ಹೊಲಸು ಬೇಡವೆಂದು ಪುರಸಭೆಯು ಅದನ್ನು ಖಾರಿಯ ಆಚೆಗೆ ಸಾಗಿಸಿತು. ಮಾಂಸವು ರೈಲಿನಲ್ಲಿ ನಗರದ ಮಾರುಕಟ್ಟೆಗೆ ಹೋಗುತ್ತಿತ್ತು. ನೂರು ವರ್ಷಗಳಿಗೂ ಹೆಚ್ಚು ಕಾಲ ನಿಲ್ದಾಣದ ಪರಿಸರಕ್ಕೆ ಆ ವಾಸನೆ ಅಂಟಿಕೊಂಡಿತ್ತು. 1971ರಲ್ಲಿ ದೇವನಾರ್‌ನಲ್ಲಿ ಹೊಸ ವಧಾಲಯ ಆರಂಭವಾದ ಮೇಲೆಯೇ ಬಾಂದ್ರಾಕ್ಕೆ ಅದರಿಂದ ಬಿಡುಗಡೆ. ತನಗೆ ಬೇಡವಾದುದನ್ನು ಉಪನಗರಕ್ಕೆ ತಳ್ಳುವುದು ನಗರಗಳ ಹಳೆಯ ಚಾಳಿ.

ಕಟ್ಟಡ

ಬಾಂದ್ರಾದ ಪಶ್ಚಿಮ ಬದಿಯಲ್ಲಿರುವ ಹಳೆಯ ನಿಲ್ದಾಣ ಕಟ್ಟಡವು ವಿಕ್ಟೋರಿಯಾ ಟರ್ಮಿನಸ್ಸಿನಂತೆ ಬೆರಗುಗೊಳಿಸುವಂಥದಲ್ಲ. ತಗ್ಗಾದ, ಇಳಿಜಾರು ಛಾವಣಿಯ, ಮನೆಯಂತೆ ಕಾಣುವ ಕಟ್ಟಡ ಅದು. ದೊಡ್ಡ ನಿಲ್ದಾಣಗಳು ಸಾಮ್ರಾಜ್ಯದ ವೈಭವವನ್ನು ಸಾರಲು ಕಟ್ಟಿದವು. ಇದು ಹಳ್ಳಿಯವರು ಗಾಡಿ ಕಾಯಲು ಕಟ್ಟಿದುದು. ಮುಂಬಯಿಯ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಪ್ರಥಮ ಶ್ರೇಣಿಯ ಸ್ಥಾನ ದೊರೆತಿರುವುದು ಸಂತೋಷದ ಸಂಗತಿ. ಸುತ್ತಲೂ ಮೇಲ್ಸೇತುವೆಗಳೂ ಅಂಗಡಿಗಳೂ ರಿಕ್ಷಾಗಳ ಸಾಲೂ ಒತ್ತಿಕೊಂಡು ಬಂದಿದ್ದರೂ ಆ ಛಾವಣಿಯನ್ನು ನೋಡಿದವರಿಗೆ ಇಲ್ಲಿ ಒಮ್ಮೆ ಒಂದು ಹಳ್ಳಿಯಿತ್ತೆಂಬುದು ನೆನಪಾಗದೆ ಇರದು.

ನೌಕರಿ ಮತ್ತು ಹೆಸರು

ರೈಲಿನಿಂದ ಬಾಂದ್ರಾದ ಕಥೋಲಿಕರ ಬಾಳಿನಲ್ಲಿ ಆದ ಮೊದಲ ಬದಲಾವಣೆಯೆಂದರೆ ನೌಕರಿ. ಶಾಲೆಯಲ್ಲಿ ಇಂಗ್ಲಿಷ್ ಕಲಿತ ರೈತನ ಮಗ ಬೆಳಗ್ಗೆ ಗಾಡಿ ಹತ್ತಿ ಕೋಟೆಯೊಳಗಿನ ಕಚೇರಿಗೆ ಹೋಗಿ ಸಂಜೆ ತನ್ನ ಮನೆಗೇ ಮರಳಬಹುದಾಯಿತು. ಊರನ್ನು ಬಿಡದೆ ಸಂಬಳವನ್ನು ತರುವುದು ಸಾಧ್ಯವಾಯಿತು. ರೈಲ್ವೆ ಕಂಪೆನಿಗಳೇ ದೊಡ್ಡ ಉದ್ಯೋಗದಾತರಾಗಿದ್ದವು. ಸರಕಾರದ ಕಚೇರಿಗಳಲ್ಲಿಯೂ ಗುಮಾಸ್ತರು ಬೇಕಾಗಿದ್ದರು.

ಉದ್ಯೋಗವೆಂಬುದು ಎಲ್ಲಿದೆಯೋ ಅಲ್ಲಿಗೆ ಹೊರಗಿನವರೂ ಬರುವುದು ಸಹಜ. ಗೋವೆಯಿಂದಲೂ ಮಂಗಳೂರಿನಿಂದಲೂ ಕಥೋಲಿಕರು ಮುಂಬಯಿಗೆ ಬರತೊಡಗಿದರು. ಅವರ ಹೆಸರುಗಳೂ ಬಾಂದ್ರಾದವರ ಹೆಸರುಗಳಂತೆಯೇ ಡಿಸೋಜ, ಪಿರೇರಾ, ಫೆರ್ನಾಂಡಿಸ್. ಅರ್ಜಿಯನ್ನು ನೋಡುವ ಸಾಹೇಬನಿಗೆ ಯಾರು ಸ್ಥಳೀಯರು, ಯಾರು ಪೋರ್ಚುಗೀಸ್ ಪ್ರಜೆ, ಯಾರು ದಕ್ಷಿಣದವರು ಎಂಬ ಭೇದ ತಿಳಿಯುತ್ತಿರಲಿಲ್ಲ. ತಾವು ಕಂಪೆನಿ ಸರಕಾರದ ಕಾಲದಿಂದಲೂ ಬ್ರಿಟಿಷ್ ಪ್ರಜೆಗಳು, ಈ ನೆಲದ ಮೂಲ ನಿವಾಸಿಗಳು ಎಂಬುದನ್ನು ಸ್ಪಷ್ಟಪಡಿಸಲು ಅಲ್ಲಿನವರು ಈಸ್ಟ್ ಇಂಡಿಯನ್ ಎಂಬ ಹೆಸರನ್ನು ತಳೆದರು. 1887ರ ಮೇ 26ರಂದು, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷದಲ್ಲಿ, ಬಾಂಬೆ ಈಸ್ಟ್ ಇಂಡಿಯನ್ ಅಸೋಸಿಯೇಶನ್ ಸ್ಥಾಪನೆಯಾಯಿತು.

ಈ ಸಂಗತಿಯನ್ನು ನಾವು ಒಂದಿಷ್ಟು ಗಮನವಿಟ್ಟು ಓದಬೇಕು. ಅವರು ತಮ್ಮನ್ನು ಪ್ರತ್ಯೇಕಿಸಿಕೊಂಡುದು ನಮ್ಮಂಥವರಿಂದ. ಒಂದೇ ವಿಶ್ವಾಸ, ಒಂದೇ ಬಲಿಪೂಜೆ, ಒಂದೇ ಬಗೆಯ ಹೆಸರುಗಳು ಇದ್ದರೂ ಅನ್ನದ ಪ್ರಶ್ನೆ ಬಂದಾಗ ಜನರು ತಮ್ಮ ಅಂಗಳಕ್ಕೆ ಬೇಲಿ ಹಾಕಿಕೊಳ್ಳುತ್ತಾರೆ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ತಮ್ಮ ಗದ್ದೆಯ ಮೇಲೆ ಹಾದುಹೋದ ಹಳಿಯು ಬೇರೆಯವರನ್ನು ಹೊತ್ತು ತರುತ್ತಿದ್ದುದನ್ನು ಕಂಡವರ ಮಾತು ಅದು. ನಮ್ಮ ಊರಿನಲ್ಲಿ ಹಾಗಾಗಿದ್ದರೆ ನಾವು ಬೇರೇನನ್ನು ಮಾಡುತ್ತಿದ್ದೆವೆಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ.

ಪ್ಲೇಗಿನ ವರ್ಷಗಳು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನರು ಗುಂಪುಗುಂಪಾಗಿ ನಗರವನ್ನು ಬಿಟ್ಟು ಓಡಿದರು. ಓಡಿದವರಿಗೆ ಹತ್ತಿರದ ಸಾಧನವೇ ರೈಲು; ಹತ್ತಿರದ ಆಶ್ರಯಗಳಲ್ಲಿ ಒಂದು ಬಾಂದ್ರಾ. ತೆರೆದ ಗದ್ದೆ, ಕಡಲಗಾಳಿ, ಗುಡ್ಡದ ತಂಪು ಇವು ನಗರದ ಇಕ್ಕಟ್ಟಾದ ಚಾಳುಗಳಲ್ಲಿ ಬಾಳಿದವರಿಗೆ ಜೀವದಾನದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ರೋಗವೂ ಅವರ ಹಿಂದೆಯೇ ಬಂದಿತು. ಬಾಂದ್ರಾದ ಪಾಖಾಡಿಗಳಲ್ಲಿ ಇಂದಿಗೂ ಕಾಣುವ ಶಿಲುಬೆಗಳಲ್ಲಿ ಹಲವು ಆ ದಿನಗಳವು. ಮಹಾಮಾರಿಯಿಂದ ಕಾಪಾಡೆಂದು ಬೇಡಿ ಕೇರಿಯ ಜನರು ನಿಲ್ಲಿಸಿದ, ಬದುಕಿ ಉಳಿದವರು ಕೃತಜ್ಞತೆಯಿಂದ ನಿಲ್ಲಿಸಿದ ಶಿಲುಬೆಗಳು ಅವು. ಸಂಜೆ ಅವುಗಳ ಮುಂದೆ ನೆರೆದು ಜಪಸರ ಹೇಳುವ ಪದ್ಧತಿ ಹಲವೆಡೆ ಉಳಿದಿದೆ.

ಪ್ಲೇಗು ಹೋದ ಮೇಲೂ ಬಂದವರೆಲ್ಲ ಹಿಂತಿರುಗಲಿಲ್ಲ. ದೂರದಲ್ಲಿ ವಾಸ, ನಗರದಲ್ಲಿ ಕೆಲಸ ಎಂಬ ಜೀವನಕ್ರಮವನ್ನು ಜನರು ಕಲಿತುಬಿಟ್ಟಿದ್ದರು. 1876ರಲ್ಲಿಯೇ ತನ್ನದೇ ಆದ ಪುರಸಭೆಯನ್ನು ಪಡೆದಿದ್ದ ಬಾಂದ್ರಾ, 20ನೆಯ ಶತಮಾನದ ಮೊದಲ ದಶಕಗಳಲ್ಲಿ ನಿಜವಾದ ಉಪನಗರವಾಗಿ ಬೆಳೆಯಿತು. ಗದ್ದೆಗಳು ನಿವೇಶನಗಳಾದವು. 1918ರಲ್ಲಿ ಸಾಲ್ಸೆಟ್ ಕಥೋಲಿಕ ಸಹಕಾರಿ ಗೃಹನಿರ್ಮಾಣ ಸಂಘವು ಹುಟ್ಟಿಕೊಂಡು ಮಧ್ಯಮವರ್ಗದ ಕಥೋಲಿಕರಿಗೆ ಅಚ್ಚುಕಟ್ಟಾದ ಬಂಗಲೆಗಳನ್ನು ಒದಗಿಸಲು ಉಜ್ಜುಗಿಸಿತು. ಸಾಲ ಮಾಡಿ ಮನೆ ಕಟ್ಟುವ ಧೈರ್ಯ ಗುಮಾಸ್ತನಿಗೆ ಬಂದುದು ತಿಂಗಳ ಸಂಬಳದಿಂದ. ಆ ಸಂಬಳವನ್ನು ಸಾಧ್ಯಗೊಳಿಸಿದುದು ಬೆಳಗಿನ ಗಾಡಿ.

ಹೊಲವನ್ನು ಮಾರಿದವನಿಗೆ ಕೈಯಲ್ಲಿ ಹಣ ಬಂದಿತು. ಅವನ ಮೊಮ್ಮಕ್ಕಳಿಗೆ ಹೊಲವೂ ಉಳಿಯಲಿಲ್ಲ, ಹಣವೂ ಉಳಿಯಲಿಲ್ಲ. ಊರು ಬೆಳೆದಷ್ಟೂ ಊರಿನವರ ಪಾಲು ಕಿರಿದಾಗುತ್ತ ಹೋಯಿತು. ಇದನ್ನು ಬಾಂದ್ರಾದ ಹಿರಿಯರು ನೋವಿನಿಂದಲೇ ಹೇಳುತ್ತಾರೆ.

ವಿದ್ಯುತ್ತಿನ ಯುಗ

1924ರಲ್ಲಿ ಬಾಂದ್ರಾದ ಉತ್ತರಕ್ಕೆ ಖಾರ್ ರೋಡ್ ನಿಲ್ದಾಣವು ತೆರೆದು ಬೆಳೆಯುತ್ತಿದ್ದ ಜನಸಂಖ್ಯೆಯ ಭಾರವನ್ನು ಒಂದಿಷ್ಟು ಹಂಚಿಕೊಂಡಿತು. 1928ರ ಜನವರಿ 5ರಂದು ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ ರೈಲುಗಳು ಓಡತೊಡಗಿದವು. ಹಬೆಯ ಎಂಜಿನ್ನು ನಿಂತು ಮತ್ತೆ ವೇಗ ಪಡೆಯಲು ಹೊತ್ತು ಹಿಡಿಯುತ್ತದೆ. ಹತ್ತಿರ ಹತ್ತಿರ ನಿಲ್ದಾಣಗಳಿರುವ ಮಾರ್ಗಕ್ಕೆ ಅದು ಹೊಂದುವುದಿಲ್ಲ. ವಿದ್ಯುತ್ ಗಾಡಿಯಾದರೋ ಕ್ಷಣದಲ್ಲಿ ವೇಗವನ್ನು ಪಡೆಯುತ್ತದೆ. ತುದಿಯಲ್ಲಿ ಎಂಜಿನ್ನನ್ನು ಬಿಚ್ಚಿ ತಿರುಗಿಸುವ ಗೋಜೂ ಇಲ್ಲ. ಆದುದರಿಂದ ಅದೇ ಹಳಿಯ ಮೇಲೆ ಎಷ್ಟೋ ಹೆಚ್ಚು ಗಾಡಿಗಳನ್ನು ಓಡಿಸಬಹುದಾಯಿತು. ಅಂದು ಅಳವಡಿಸಿದ 1500 ವೋಲ್ಟಿನ ನೇರ ವಿದ್ಯುತ್ ಪದ್ಧತಿಯು ಎಂಟು ದಶಕಗಳಿಗೂ ಹೆಚ್ಚು ಕಾಲ ಬಾಳಿತು. 2012ರಲ್ಲಿ ಪಶ್ಚಿಮ ಮಾರ್ಗವು 25,000 ವೋಲ್ಟಿನ ಪದ್ಧತಿಗೆ ಸಂಪೂರ್ಣವಾಗಿ ಬದಲಾಯಿತು.

ಪೂರ್ವದ ಬಂದರು ಪ್ರದೇಶದಿಂದ ಬರುವ ಹಾರ್ಬರ್ ಮಾರ್ಗವೂ ಮಾಹಿಮಿನ ಬಳಿ ಕೂಡಿಕೊಂಡು ಬಾಂದ್ರಾವನ್ನು ಮುಟ್ಟಿದುದರಿಂದ ಈ ನಿಲ್ದಾಣವು ಎರಡು ಮಾರ್ಗಗಳ ಸಂಗಮವಾಯಿತು. ಗೋದಿ ಕೆಲಸಗಾರನೂ ಕಚೇರಿಯ ಗುಮಾಸ್ತನೂ ಒಂದೇ ನಿಲ್ದಾಣದಲ್ಲಿ ಇಳಿಯುವಂತಾಯಿತು. ಸ್ವಾತಂತ್ರ್ಯದ ಬಳಿಕ, 1950ರಲ್ಲಿ, ಬಾಂದ್ರಾ ಪುರಸಭೆಯು ಮುಂಬಯಿ ಮಹಾನಗರದಲ್ಲಿ ಲೀನವಾಯಿತು. 1951ರ ನವೆಂಬರ್ 5ರಂದು ಬಿ.ಬಿ. ಆ್ಯಂಡ್ ಸಿ.ಐ. ಎಂಬ ಹೆಸರೂ ಅಳಿದು ಪಶ್ಚಿಮ ರೈಲ್ವೆ ಉದಯಿಸಿತು.

ನಮ್ಮ ಕರಾವಳಿಯವರು

ಮಂಗಳೂರಿಗೆ ರೈಲು ಬಂದುದು 1907ರಲ್ಲಿ, ಅದೂ ಮಲಬಾರಿನ ಕಡೆಯಿಂದ. ಆ ರೈಲನ್ನು ಹಿಡಿದು ಮುಂಬಯಿಗೆ ಹೋಗಬೇಕಾದರೆ ದಕ್ಷಿಣ ಭಾರತವನ್ನೇ ಸುತ್ತಿ ಬಳಸಬೇಕಾಗಿತ್ತು. ಆದುದರಿಂದ ನಮ್ಮ ಹಿರಿಯರು ಬಹುಕಾಲ ಹಡಗನ್ನೇ ನೆಚ್ಚಿದರು. ಕಡಲ ಉಬ್ಬರಕ್ಕೆ ತಲೆ ತಿರುಗಿ, ಕಟ್ಟಿಕೊಂಡು ಹೋದ ಬುತ್ತಿಯನ್ನು ಮುಟ್ಟಲಾರದೆ, ತಗಡಿನ ಪೆಟ್ಟಿಗೆಯನ್ನು ತಲೆಗಿಂಬು ಮಾಡಿಕೊಂಡು ಅವರು ಮುಂಬಯಿಯ ಬಂದರನ್ನು ಸೇರುತ್ತಿದ್ದರು. ಮುಂದೆ ಘಟ್ಟವನ್ನೇರುವ ಬಸ್ಸುಗಳು ಬಂದವು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ಹಳಿ ಬಂದರೂ ಮುಂಬಯಿ ದೂರವೇ ಉಳಿಯಿತು. ಕಡಲ ತೀರವನ್ನೇ ಅನುಸರಿಸಿ ಹೋಗುವ ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣಗೊಂಡಾಗ ತಲೆಮಾರುಗಳ ಹಂಬಲ ಈಡೇರಿತು.

ಮುಂಬಯಿಯಲ್ಲಿ ಇಳಿದವನಿಗೆ ಮೊದಲು ಬೇಕಾದುದು ಮಲಗಲು ಒಂದು ಮೂಲೆ. ಆಮೇಲೆ ಆದಿತ್ಯವಾರದ ಪೂಜೆಗೆ ಒಂದು ದೇವಾಲಯ. ಎರಡೂ ಬಾಂದ್ರಾದಲ್ಲಿ ದೊರೆಯುತ್ತಿದ್ದವು. ಕಥೋಲಿಕ ಮನೆಯ ಒಂದು ಕೋಣೆಯಲ್ಲಿ ಊಟವಸತಿ, ನಡೆದು ಹೋಗುವಷ್ಟು ಹತ್ತಿರದಲ್ಲಿ ಸಂತ ಪೇತ್ರರ ಅಥವಾ ಸಂತ ಅಂದ್ರೇಯರ ದೇವಾಲಯ, ಅಷ್ಟೇ ಹತ್ತಿರದಲ್ಲಿ ನಿಲ್ದಾಣ. ಕೊಂಕಣಿಯ ನಾಲಿಗೆಗೆ ಅಲ್ಲಿಯ ಮರಾಠಿ ಆಡುಮಾತು ಬೇಗನೆ ಒಗ್ಗುತ್ತಿತ್ತು. ಕೆಲವರು ಟೈಪಿಂಗ್ ಕಲಿತು ಕಚೇರಿ ಸೇರಿದರು. ಕೆಲವರು ಅಡುಗೆ, ಹೊಲಿಗೆ, ಶುಶ್ರೂಷೆ, ಅಧ್ಯಾಪನಗಳಲ್ಲಿ ತೊಡಗಿದರು. ನಿಲ್ದಾಣದ ಬಳಿ ತಿಂಗಳ ಪಾಸನ್ನು ಮಾಡಿಸಿಕೊಂಡ ದಿನವೇ ಮುಂಬಯಿಯವನಾದಂತೆ ಎಂಬ ಭಾವನೆ ನಮ್ಮವರಲ್ಲಿತ್ತು.

ಈ ಸಂದರ್ಭದಲ್ಲಿ ನೆನೆಯಬೇಕಾದುದು ಒಂದಿದೆ. ಹೆಸರಿಗೆ ಬೇಲಿ ಹಾಕಿಕೊಂಡವರೇ ಮನೆಯ ಬಾಗಿಲನ್ನು ತೆರೆದರು. ಬಾಡಿಗೆಯನ್ನು ಪಡೆದೇ ಇರಲಿ, ಅಪರಿಚಿತನಾದ ಹುಡುಗನಿಗೆ ತಮ್ಮ ಸೂರಿನಡಿ ಸ್ಥಳ ಕೊಟ್ಟರು. ಅವನು ಜ್ವರದಲ್ಲಿ ಮಲಗಿದಾಗ ಗಂಜಿ ಕಾಯಿಸಿದರು. ನಮ್ಮ ಕುಟುಂಬಗಳ ಏಳಿಗೆಯ ಲೆಕ್ಕದಲ್ಲಿ ಈ ಋಣವನ್ನೂ ಬರೆದಿಡಬೇಕು.

ಸೆಪ್ಟೆಂಬರಿನ ಜಾತ್ರೆ

ನಿಲ್ದಾಣವು ತನ್ನ ಪೂರ್ಣ ಶೋಭೆಯನ್ನು ತಾಳುವುದು ಸೆಪ್ಟೆಂಬರ್ ತಿಂಗಳಿನಲ್ಲಿ. ಆ ತಿಂಗಳ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಅದರ ನಂತರದ ಆದಿತ್ಯವಾರದಿಂದ ಒಂದು ವಾರ ಕಾಲ ಗುಡ್ಡದ ಮೇಲಿನ ಮೌಂಟ್ ಮೇರಿ ದೇವಾಲಯದಲ್ಲಿ ಬಾಂದ್ರಾ ಜಾತ್ರೆ. ಮರಾಠರ ಕಾಲದಲ್ಲಿ ನಾಶವಾದ ಪ್ರಾರ್ಥನಾಲಯವನ್ನು 18ನೆಯ ಶತಮಾನದಲ್ಲಿಯೇ ಮತ್ತೆ ಕಟ್ಟಲಾಗಿತ್ತು. ಈಗಿರುವ ದೇವಾಲಯವು 1904ರದು. ಅದನ್ನು ರೂಪಿಸಿದವರು ಶಾಪೂರ್ಜಿ ಚಂದಾಭಾಯ್ ಎಂಬ ಪಾರ್ಸಿ ವಾಸ್ತುಶಿಲ್ಪಿ. 1954ರ ಮರಿಯಮ್ಮನ ವರ್ಷದಲ್ಲಿ ಅದು ಬಸಿಲಿಕ ಪದವಿಗೆ ಏರಿತು.

ಜಾತ್ರೆಯ ದಿನಗಳಲ್ಲಿ ಗಾಡಿಗಳಿಂದ ಇಳಿಯುವವರನ್ನು ನೋಡಬೇಕು. ವಸಾಯಿಯ ಹಳ್ಳಿಗಳಿಂದ ಸಾಂಪ್ರದಾಯಿಕ ಸೀರೆಯುಟ್ಟ ಮುದುಕಿಯರು, ಗೋವೆಯ ಕುಟುಂಬಗಳು, ಮಂಗಳೂರಿನವರು, ತಮಿಳರು. ಅವರ ಜೊತೆಗೇ ಹಿಂದೂ, ಪಾರ್ಸಿ, ಮುಸ್ಲಿಮ್ ಹರಕೆದಾರರು. ಕೈಯಲ್ಲಿ ಮೇಣದ ಬತ್ತಿ. ವಾಸಿಯಾಗಬೇಕಾದ ಅಂಗದ ಮೇಣದ ಆಕೃತಿ. ಮಗು ಬೇಡಿದವರ ಕೈಯಲ್ಲಿ ಮೇಣದ ಮಗು. ನಿಲ್ದಾಣದಿಂದ ಗುಡ್ಡದವರೆಗೆ ಸಾಗಲು ವಿಶೇಷ ಬಸ್ಸುಗಳಿರುತ್ತವೆ. ಹರಕೆಯುಳ್ಳವರು ನಡೆದೇ ಹೋಗುವುದುಂಟು. ಹಿಂದೆ ಸುತ್ತಲಿನ ಕೆಲವು ಊರುಗಳಿಗಷ್ಟೇ ಸೀಮಿತವಾಗಿದ್ದ ಹಬ್ಬವನ್ನು ಇಡೀ ನಗರದ ಹಬ್ಬವನ್ನಾಗಿ ಮಾಡಿದುದು ರೈಲು ಎಂದರೆ ಉತ್ಪ್ರೇಕ್ಷೆಯಾಗದು.

ಕಷ್ಟದ ದಿನಗಳು

ಹೆಬ್ಬಾಗಿಲು ಸುಖವನ್ನು ಮಾತ್ರ ಒಳಗೆ ಬಿಡುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಾಹಿಮ್ ಖಾರಿಯನ್ನು ಸೇರುವ ಮೀಠಿ ನದಿ ಉಕ್ಕಿ ಹರಿಯಿತು. ರೈಲುಗಳು ನಿಂತಲ್ಲಿಯೇ ನಿಂತವು. ಜನರು ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು. ಜೌಗನ್ನು ತುಂಬಿಸಿ ಕಟ್ಟಿದ ಊರಿಗೆ ನೀರು ತನ್ನ ಹಳೆಯ ಹಾದಿಯನ್ನು ನೆನಪಿಸಿದ ದಿನವದು.

ಮರುವರ್ಷ, 2006ರ ಜುಲೈ 11ರ ಸಂಜೆ, ಕೆಲಸ ಮುಗಿಸಿ ಮನೆಗೆ ಮರಳುವವರಿಂದ ಕಿಕ್ಕಿರಿದಿದ್ದ ಏಳು ಗಾಡಿಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಬಾಂಬುಗಳು ಸಿಡಿದವು. ಅವುಗಳಲ್ಲಿ ಒಂದು ಸಿಡಿದುದು ಬಾಂದ್ರಾ ಮತ್ತು ಖಾರ್ ರೋಡ್ ನಡುವೆ. ಒಟ್ಟು 180ಕ್ಕೂ ಹೆಚ್ಚು ಮಂದಿ ಮಡಿದರು. ಹಳಿಯ ಪಕ್ಕದ ಗುಡಿಸಲುಗಳಲ್ಲಿ ವಾಸಿಸುವವರು ಆಂಬುಲೆನ್ಸಿಗೆ ಕಾಯದೆ, ಮನೆಯ ಹೊದಿಕೆಗಳಲ್ಲಿಯೇ ಗಾಯಾಳುಗಳನ್ನು ಹೊತ್ತು ಆಸ್ಪತ್ರೆಗೆ ಸಾಗಿಸಿದರು. ಗಾಯಾಳುವಿನ ಜಾತಿಯನ್ನೂ ಮತವನ್ನೂ ಅವರು ಕೇಳಲಿಲ್ಲ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ಕೇಳುತ್ತ ಬೆಳೆದ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

2020ರ ಮಾರ್ಚ್ 23ರಿಂದ, ಮಹಾವ್ಯಾಧಿಯ ಕಾರಣ, ಮುಂಬಯಿಯ ಸ್ಥಳೀಯ ರೈಲುಗಳು ನಿಂತುಹೋದವು. ಏಪ್ರಿಲ್ 14ರಂದು ಬಾಂದ್ರಾ ನಿಲ್ದಾಣದ ಹೊರಗೆ ನೂರಾರು ವಲಸೆ ಕಾರ್ಮಿಕರು ನೆರೆದರು. ಊರಿಗೆ ಹೋಗಲು ಗಾಡಿ ಬಿಡುತ್ತಾರೆಂಬ ವದಂತಿಯನ್ನು ಅವರು ನಂಬಿದ್ದರು. ಗಾಡಿ ಇರಲಿಲ್ಲ; ಲಾಠಿಯೇಟು ಬಿದ್ದಿತು. ಕೆಲಸವಿಲ್ಲದೆ, ಕೂಲಿಯಿಲ್ಲದೆ, ಮನೆಯ ಹಂಬಲವೊಂದನ್ನೇ ಹೊತ್ತು ನಿಂತಿದ್ದ ಆ ಜನರ ಚಿತ್ರವನ್ನು ದೇಶವೆಲ್ಲ ನೋಡಿತು. ಅದೇ ನಿಲ್ದಾಣದಲ್ಲಿ ಹಿಂದೊಮ್ಮೆ ತಗಡಿನ ಪೆಟ್ಟಿಗೆ ಹಿಡಿದು ಇಳಿದಿದ್ದ ನಮ್ಮ ಹಿರಿಯರೂ ಅವರಂತೆಯೇ ಪರಸ್ಥಳದವರಾಗಿದ್ದರೆಂಬುದನ್ನು ನಾವು ಮರೆಯಬಾರದು.

ಇವೆಲ್ಲ ಸುದ್ದಿಯಾದ ದುಃಖಗಳು. ಸುದ್ದಿಯಾಗದ ದುಃಖವೊಂದು ದಿನವೂ ನಡೆಯುತ್ತಿದೆ. ಹಳಿಯನ್ನು ಅಡ್ಡ ದಾಟುವಾಗ ಮತ್ತು ತುಂಬಿದ ಗಾಡಿಯಿಂದ ಜಾರಿ ಬಿದ್ದು ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ ಸಾಯುವವರ ಸಂಖ್ಯೆಯು ಅನೇಕ ವರ್ಷಗಳಲ್ಲಿ ಎರಡು ಸಾವಿರವನ್ನು ಮೀರಿದೆ. ಎರಡು ನಿಮಿಷ ಉಳಿಸಲು ಹೋಗಿ ಪ್ರಾಣವನ್ನು ಕಳೆದುಕೊಂಡವರು ಕೆಲವರು. ಒಳಗೆ ಕಾಲಿಡಲು ಸ್ಥಳವಿಲ್ಲದೆ ಬಾಗಿಲಲ್ಲಿ ನೇತಾಡಿ ಬಿದ್ದವರು ಇನ್ನು ಕೆಲವರು. ಮುಂಬಯಿಯಲ್ಲಿ ಮಕ್ಕಳಿರುವ ತಾಯಂದಿರು ಈ ಮಾತನ್ನು ಅವರಿಗೆ ತಪ್ಪದೆ ತಿಳಿಸಲಿ: ತಡವಾಗಿ ಮನೆ ಸೇರಿದರೂ ಚಿಂತೆಯಿಲ್ಲ, ಮುಂದಿನ ಗಾಡಿ ಇದ್ದೇ ಇದೆ.

ಇಂದಿನ ಬಾಂದ್ರಾ

1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಕೇವಲ ಮಹಿಳೆಯರಿಗಾಗಿಯೇ ಗಾಡಿ ಆರಂಭವಾದುದು, 2017ರ ಕ್ರಿಸ್ಮಸ್ ದಿನದಂದು ಇದೇ ಮಾರ್ಗದಲ್ಲಿ ಮೊದಲ ಹವಾನಿಯಂತ್ರಿತ ಸ್ಥಳೀಯ ರೈಲು ಓಡಿದುದು ಇತ್ತೀಚಿನ ಇತಿಹಾಸ. ಹಳಿಯ ಪೂರ್ವಕ್ಕೆ, ಹಿಂದಿನ ಜೌಗಿನ ಮೇಲೆ, ಬಾಂದ್ರಾ ಕುರ್ಲಾ ಸಂಕೀರ್ಣವೆಂಬ ವಾಣಿಜ್ಯ ನಗರವೇ ಎದ್ದಿದೆ. ಇದರಿಂದ ಒಂದು ವಿಚಿತ್ರವಾದ ತಿರುವು ಉಂಟಾಯಿತು: ಹಿಂದೆ ಬೆಳಗ್ಗೆ ಜನರು ಬಾಂದ್ರಾದಿಂದ ಕೋಟೆಯ ಕಡೆಗೆ ಕೆಲಸಕ್ಕೆ ಹೋಗುತ್ತಿದ್ದರು, ಈಗ ಕೆಲಸಕ್ಕಾಗಿ ಬಾಂದ್ರಾಕ್ಕೇ ಬರುತ್ತಾರೆ. 2008ರಲ್ಲಿ ನಿಲ್ದಾಣದಿಂದ ಕಲಾನಗರದ ಕಡೆಗೆ ನಗರದ ಮೊದಲ ಸ್ಕೈವಾಕ್ ತೆರೆಯಿತು. 2009ರಲ್ಲಿ ವರ್ಲಿಗೆ ಕಡಲ ಸೇತುವೆಯಾಯಿತು. 2024ರ ಅಕ್ಟೋಬರಿನಲ್ಲಿ ಸಂಕೀರ್ಣದವರೆಗೆ ಭೂಗತ ಮೆಟ್ರೋ ಬಂದಿತು. ಆದರೂ ಸಾಮಾನ್ಯನ ವಾಹನ ಇಂದಿಗೂ ಸ್ಥಳೀಯ ರೈಲೇ.

ದೂರದ ಗಾಡಿಗಳಿಗಾಗಿ ಪೂರ್ವದಲ್ಲಿ ಪ್ರತ್ಯೇಕವಾಗಿ ಕಟ್ಟಿದ ಬಾಂದ್ರಾ ಟರ್ಮಿನಸ್ಸಿನಿಂದ 2024ರ ಆಗಸ್ಟಿನಲ್ಲಿ ವಸಾಯಿ ಮಾರ್ಗವಾಗಿ ಮಡಗಾವಿಗೆ ಗಾಡಿಯೊಂದು ಆರಂಭವಾಯಿತು. ಪಶ್ಚಿಮದ ಉಪನಗರಗಳಲ್ಲಿ ನೆಲೆಸಿದ ಕೊಂಕಣ ಕರಾವಳಿಯವರು ಊರಿಗೆ ಹೋಗಲು ಗಂಟುಮೂಟೆ ಸಮೇತ ದಾದರ್ ಅಥವಾ ಕುರ್ಲಾಕ್ಕೆ ಅಲೆಯುತ್ತಿದ್ದ ಕಷ್ಟ ಇದರಿಂದ ಕೆಲಮಟ್ಟಿಗೆ ತಗ್ಗಿದೆ. ಕಥೋಲಿಕರು ಬಹುವಾಗಿ ನೆಲೆಸಿರುವ ಬಾಂದ್ರಾ, ವಸಾಯಿ, ಗೋವೆಗಳನ್ನು ಒಂದೇ ಗಾಡಿ ಪೋಣಿಸಿದೆ.

ಹೀಗೆ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದು ನಿಲ್ದಾಣವು ಹಳ್ಳಿಯನ್ನು ಉಪನಗರವನ್ನಾಗಿಯೂ ಉಪನಗರವನ್ನು ನಗರದ ನಡುಮನೆಯನ್ನಾಗಿಯೂ ಮಾರ್ಪಡಿಸಿತು. ಬಂದವರಿಗೆ ಅನ್ನವಿತ್ತಿತು, ಇದ್ದವರ ಹೊಲವನ್ನು ನುಂಗಿತು. ರನ್ವಾರ್, ಚಿಂಬೈಗಳಲ್ಲಿ ಉಳಿದಿರುವ ಕೆಲವೇ ಹಳೆಯ ಮನೆಗಳೂ ಪ್ಲೇಗಿನ ಶಿಲುಬೆಗಳೂ ಗಗನಚುಂಬಿಗಳ ನೆರಳಿನಲ್ಲಿ ಇನ್ನೂ ನಿಂತಿವೆ. ಮುಂಬಯಿಯಲ್ಲಿರುವ ನಮ್ಮ ಧರ್ಮಕೇಂದ್ರದ ಮಕ್ಕಳು ಬಾಂದ್ರಾದಲ್ಲಿ ಇಳಿದಾಗ ಒಂದು ಬಿಡುವಿನ ಸಂಜೆ ಆ ಕೇರಿಗಳಲ್ಲಿ ಹಾದುಹೋಗಲಿ, ಅಲ್ಲಿಯ ಒಂದು ಶಿಲುಬೆಯ ಮುಂದೆ ಕ್ಷಣಕಾಲ ನಿಲ್ಲಲಿ, ತಮ್ಮ ಹಿರಿಯರಿಗೆ ಸೂರು ಕೊಟ್ಟವರಿಗಾಗಿ ಒಂದು ನಮೋ ಮರಿಯಾ ಹೇಳಲಿ ಎಂಬುದು ನಮ್ಮ ವಿನಂತಿ. ನಮ್ಮ ಊರಿನ ನಿಲ್ದಾಣದಲ್ಲಿ ಇಂದು ಉತ್ತರದ ಯಾವುದೋ ದೂರದ ಹಳ್ಳಿಯಿಂದ ಕೆಲಸವನ್ನರಸಿ ಇಳಿಯುತ್ತಿರುವ ಹುಡುಗನಿಗೂ ನಮ್ಮ ಬಾಗಿಲು ಅಂತೆಯೇ ತೆರೆದಿರಲಿ.